ಹಿಂದಿನ ಸೀಟಿನ ಕರಿ ಇಶಾಡು

ಕಾರು ಎಂದರೆ ಓಡುವ ವಸ್ತು ಎಂದು ತಿಳಿದುಕೊಂಡವರು ಒಮ್ಮೆ ಅವರ್ಸಾಕ್ಕೆ ಬಂದು ನಮ್ಮ ಹಿತ್ತಲಿನ ಮಾಡು ನೋಡಬೇಕು. ಅಲ್ಲಿ ನಿಂತದ್ದು ಕಾರಲ್ಲ, ಕೋಣೆ. ಅದಕ್ಕೆ ನಾಲ್ಕು ಬಾಗಿಲು, ಸುತ್ತ ಗಾಜು, ಮೇಲೆ ಗುಂಡಗಿನ ತಗಡಿನ ಸೂರು. ಕೆಳಗೆ ಚಕ್ರ ಇದ್ದರೆ ಅದು ಕೋಣೆಯ ತಪ್ಪಲ್ಲ.

ಈ ಕೋಣೆಯಲ್ಲಿ ನಾನು ಪ್ರತಿ ಬೇಸಿಗೆಯೂ ಮಾವಿನಕಾಯಿ ಅಡೆ ಹಾಕುತ್ತೇನೆ. (ಅಡೆ ಎಂದರೆ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದು. ಗೊತ್ತಿದ್ದವರು ಸಿಟ್ಟಾಗಬೇಡಿ, ಪೇಟೆಯವರೂ ಓದುತ್ತಾರೆ.) ಕಾರನ್ನು ಕೊಂಡವರು ನನ್ನ ಮಾವನವರು, ಓಡಿಸಿದವರು ನನ್ನ ಯಜಮಾನರು. ಒಂದು ಕಾಲದಲ್ಲಿ ಅಂಕೋಲೆಯಿಂದ ಕಾರವಾರದ ತನಕ ಅದರಲ್ಲಿ ಕೂತು ಅಳದ ಮದುಮಗಳು ಇರಲಿಲ್ಲ. ಯಜಮಾನರು ಹೋದ ಮೇಲೆ ಕಾರೂ ಸೂತಕ ಹಿಡಿದು ಕೂತಿತು, ಏಳಲೇ ಇಲ್ಲ. ಒಂದು ವರ್ಷ ಅಟ್ಟದಲ್ಲಿ ಇಲಿಕಾಟ ಹೆಚ್ಚಾಯಿತೆಂದು ನಾನು ಅದರ ಹಿಂದಿನ ಸೀಟು ಕೀಳಿಸಿ, ಹುಲ್ಲು ಹಾಸಿ, ಕಾಯಿ ಇಟ್ಟು, ಬಾಗಿಲು ಹಾಕಿದೆ. ಅಬ್ಬಾ! ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ, ಎಲ್ಲವೂ ಒಂದೇ ಹದಕ್ಕೆ ಹಣ್ಣಾದವು. ಯಜಮಾನರು ಇದ್ದಾಗಲೂ ಆ ಕಾರು ಅಷ್ಟು ನಿಯತ್ತಾಗಿ ಕೆಲಸ ಮಾಡಿರಲಿಲ್ಲ.

ನಮ್ಮ ಮಾವಿನ ಮರ ಕರಿ ಇಶಾಡು ಜಾತಿಯದು. ಅಂಕೋಲೆಯವರ ಎದುರು ಆ ಹೆಸರು ಹೇಳಿದರೆ ಬಾಯಲ್ಲಿ ನೀರು ಬಂದು ಮಾತು ನಿಲ್ಲುತ್ತದೆ. ಆದರೆ ಅದರ ಸಿಪ್ಪೆ ಬಹಳ ತೆಳು. ಬೆರಳು ಒತ್ತಿದರೆ ಗುರುತು ಬೀಳುತ್ತದೆ, ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಕುಡಿದುಬಿಡುತ್ತದೆ. ಪಕ್ಕದ ಮನೆಯ ಕಾಶಿ ಒಮ್ಮೆ ಒಣಮೀನಿನ ಬುಟ್ಟಿಯ ಹತ್ತಿರ ಅಡೆ ಹಾಕಿದ್ದಕ್ಕೆ ಇಡೀ ಮರದ ಹಣ್ಣು ಒಣಸಿಗಡಿಯಂತೆ ನಾತ ಹೊಡೆಯಿತು. ಈ ಸಂಗತಿಯನ್ನು ನಾನು ಪ್ರತಿ ಬೇಸಿಗೆಯೂ ಅವಳಿಗೆ ನೆನಪು ಮಾಡುತ್ತೇನೆ. ಅವಳ ಬೀಗರ ಎದುರೂ ಮಾಡಿದ್ದೇನೆ.

ಅಡೆಗೆ ಕಾನೂನು ಒಂದೇ: ಮುಚ್ಚಿದ ಮೇಲೆ ಪರಿಮಳ ತಾನಾಗಿ ಹೊರಗೆ ಬರುವ ತನಕ ತೆರೆಯಬಾರದು, ಬಂದ ಮೇಲೆ ಒಂದು ಗಳಿಗೆ ತಡ ಮಾಡಬಾರದು. ಪರಿಮಳ ಬಂತೋ ಇಲ್ಲವೋ ಎಂದು ಹೇಳುವುದು ನನ್ನ ಮೂಗು. ನಮ್ಮ ಕೇರಿಯಲ್ಲಿ ಈ ಮೂಗಿಗಿರುವ ಮರ್ಯಾದೆ ನನಗೂ ಇಲ್ಲ.

ಈಗ ಸಂಕಟಕ್ಕೆ ಬರುತ್ತೇನೆ. ನನ್ನ ಮೈದುನ ಅಶೋಕ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತನಾಗಿ ಊರಿಗೆ ಬಂದವನು, ನಮ್ಮ ಮನೆಯ ಮಗ್ಗುಲಲ್ಲೇ ಇರುತ್ತಾನೆ. ಅವನ ಮಗಳು ರೂಪಾಳಿಗೆ ಕಾರವಾರದ ಹುಡುಗ ಪವನ್ ಜೊತೆ ಮದುವೆ ನಿಶ್ಚಯವಾಯಿತು. ವೀಳ್ಯ ಬದಲಾಯಿಸುವ ದಿನ ಹುಡುಗನ ತಾಯಿ ಬಾಯಿತುಂಬ ನಕ್ಕು, "ಅಂಕೋಲೆ ಕಡೆ ಸಂಬಂಧ ಅಂದ್ರೆ ನಮ್ಗೆ ಕರಿ ಇಶಾಡಿನ ರಸಾಯನ ಸಿಗಬೇಕಪ್ಪ" ಎಂದರು. ನಾನು ಎದೆ ತಟ್ಟಿಕೊಂಡು, "ಮದುವೆ ಊಟಕ್ಕೆ ನಮ್ಮ ಮರದ ರಸಾಯನವೇ" ಎಂದು ಸಭೆಯಲ್ಲಿ ಮಾತು ಕೊಟ್ಟೆ. ಅತ್ತಿಗೆ ಮಾತು ಕೊಟ್ಟ ಮೇಲೆ ಮೈದುನ ಸುಮ್ಮನಿರುತ್ತಾನೆಯೇ? "ಮದುಮಗಳು ಕಾರವಾರದ ಮಂಟಪಕ್ಕೆ ಬರೂದು ನಮ್ಮ ಅಪ್ಪನ ಕಾರಿನಲ್ಲೇ" ಎಂದು ಅವನೂ ಮಾತು ಕೊಟ್ಟ.

ಎರಡು ಮಾತು, ಇರುವುದು ಒಂದೇ ಡಬ್ಬಿ.

ಅವನು ಅಂಕೋಲೆಯಿಂದ ಮೆಕ್ಯಾನಿಕ್ ಬೀರನನ್ನು ಕರೆದುಕೊಂಡು ಬರುವಷ್ಟರಲ್ಲಿ ನಾನು ಅಡೆ ಹಾಕಿ ಮುಗಿಸಿದ್ದೆ. (ಬೇಕೆಂದೇ ಹಾಕಿದರು ಎಂದು ಅಶೋಕನ ಹೆಂಡತಿ ಜಯಾ ಹೇಳುತ್ತಾಳೆ. ಅವಳು ಹೇಳುವುದನ್ನೆಲ್ಲ ನಂಬಬೇಡಿ.)

"ಅತ್ಗೆ, ಕಾರು ಖಾಲಿ ಮಾಡ್ಬೇಕಲ್ಲ."

"ಎಂತಕೆ?"

"ಎಂತಕೆ ಅಂದ್ರೆ? ರಿಪೇರಿಗೆ!"

"ಪರಿಮಳ ಬರದೇ ಅಡೆ ಒಡೆಯೂದಾ? ಕಾಯಿ ಹುಳಿ ಆಗ್ತದೆ. ಬೀಗರಿಗೆ ಉಪ್ಪಿನಕಾಯಿ ಬಡಿಸ್ತಿಯಾ?"

"ಪರಿಮಳ ಬರೂ ತನಕ ಬೀರಾ ಕಾಯ್ತಾನಾ?"

"ಬೀರಾ ಕಾಯೂದಿಲ್ಲ ಅಂದ್ರೆ ಮಾವಿನಣ್ಣು ಕಾಯ್ತದಾ?"

ಜಯಾ ಒಳಗಿನಿಂದ ಸಟ್ಟುಗ ಹಿಡಿದುಕೊಂಡೇ ಬಂದಳು. "ನನ್ನ ಮಗಳ ಮದ್ವೆ ಒಂದು ಆಗ್ಲಿ. ಆಮೇಲೆ ನೀವಿಬ್ರೂ ಆ ಕಾರಿನಲ್ಲೇ ಸಂಸಾರ ಮಾಡ್ಕೊಂಡು ಕೂತ್ಕೊಳ್ಳಿ" ಎಂದಳು. ಆಮೇಲೆ ತಾನು ಏನು ಹೇಳಿದೆ ಎಂದು ಹೊಳೆದು ಸಟ್ಟುಗದ ಸಮೇತ ಒಳಗೆ ಹೋದಳು.

ಕೊನೆಗೆ ಸಂಧಾನವಾಯಿತು. ಮುಂದಿನ ಸೀಟಿನ ಬೆನ್ನಿಗೆ ನನ್ನ ಹಳೇ ಸೀರೆಯೊಂದನ್ನು ಪರದೆ ಕಟ್ಟಿದೆವು. ಪರದೆಯ ಮುಂದಿನದು ಅಶೋಕನ ಸರಹದ್ದು, ಹಿಂದಿನದು ನನ್ನ ಸಾಮ್ರಾಜ್ಯ. ಬೀರಾ ತಲೆ ತುರಿಸಿಕೊಂಡು, "ಅಜ್ಜಿ, ಪೆಟ್ರೋಲ್ ಟ್ಯಾಂಕು ನಿಮ್ಮ ಮಾವಿನಣ್ಣಿನ ಬೆನ್ನಿಗೇ ಅದೆ" ಎಂದ.

"ಇರ್ಲಿ. ಅದು ಅದರ ಜಾಗದಲ್ಲಿ ಇರ್ಲಿ, ಇದು ಇದರ ಜಾಗದಲ್ಲಿ ಇರ್ತದೆ" ಎಂದೆ ನಾನು.

ಅಲ್ಲಿಂದ ನನ್ನ ಮನೆ ನನ್ನದಾಗಿ ಉಳಿಯಲಿಲ್ಲ. ಎಂಜಿನ್ನಿನ ಕರುಳು-ಪಿತ್ತಕೋಶಗಳು ಜಗಲಿಯ ಮೇಲೆ ಸಾಲಾಗಿ ಮಲಗಿದವು. ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದ ಒಂದು ಭಾಗ ನನ್ನ ಮೀನುಸಾರಿನ ಮಣ್ಣಿನ ಗಡಿಗೆಯಲ್ಲಿತ್ತು. "ಬೇರೆ ಪಾತ್ರೆ ಇರ್ಲಿಲ್ವಾ?" ಎಂದು ಕೇಳಿದರೆ ಅಶೋಕ, "ಇದ್ರಷ್ಟು ಆಳದ್ದು ಇರ್ಲಿಲ್ಲ ಅತ್ಗೆ" ಎಂದ, ನನ್ನ ಗಡಿಗೆಯನ್ನು ಹೊಗಳಿದವನ ಹಾಗೆ. ಒಂದು ಬೆಳಿಗ್ಗೆ ದೋಸೆಯ ಕಾವಲಿ ಕಾಣಲಿಲ್ಲ. ಹುಡುಕಿದರೆ ಕಾರಿನಡಿ ಮಲಗಿದ್ದ ಬೀರನ ಎದೆಯ ಮೇಲಿತ್ತು, ಅದರ ತುಂಬ ನಟ್ಟು-ಬೋಲ್ಟು. ನಾನು ಒಂದೊಂದನ್ನೂ ಯಾವ ಸಾಲಿನಿಂದ ತೆಗೆದೆನೋ ಅದೇ ಸಾಲಿನಲ್ಲಿ ಮಣೆಯ ಮೇಲೆ ಜೋಡಿಸಿ, ಕಾವಲಿ ತೊಳೆದು, ದೋಸೆ ಹುಯ್ದು ಅವರಿಗೇ ಕೊಟ್ಟೆ. ಇಬ್ಬರೂ ತಿಂದರು. ಎರಡನೇ ದೋಸೆಗೆ ಅಶೋಕ, "ಗ್ರೀಸು ಸ್ವಲ್ಪ ಹೆಚ್ಚಾಯ್ತು" ಎಂದ.

ಈ ನಡುವೆ ನಾನು ದಿನವೂ ಕಾರಿನ ಹಿಂದಿನ ಕಿಟಕಿಯ ಸಂದಿಗೆ ಮೂಗಿಟ್ಟು ನೋಡುತ್ತಿದ್ದೆ. ಪೆಟ್ರೋಲು. ಸಂಜೆ ನೋಡಿದರೆ ಪೆಟ್ರೋಲು ಮತ್ತು ಸೀಮೆಎಣ್ಣೆ. ಮರುದಿನ ಎರಡರ ಜೊತೆ ಬೀರನ ಬೀಡಿ. ಮಾವಿನ ಪರಿಮಳ ಮಾತ್ರ ಇಲ್ಲ.

"ಅತ್ಗೆ, ಒಮ್ಮೆ ತೆಗೆದು ನೋಡಿ. ಹಣ್ಣಾಗಿರಬಹುದು."

"ನನ್ನ ಮೂಗು ಹೇಳ್ಲಿಲ್ಲ."

"ನಿಮ್ಮ ಮೂಗಿಗೆ ಶೀತ ಆಗಿರಬಹುದು."

"ನಿನ್ನ ಎಂಜಿನ್ನಿಗೆ ಆಗಿರಬಹುದು. ಅದೇ ಕೆಮ್ಮೂದು."

ಕೆಮ್ಮುತ್ತಿತ್ತು ನಿಜ. ಮದುವೆಗೆ ಹಿಂದಿನ ದಿನ ಮಧ್ಯಾಹ್ನ ಆ ಕೆಮ್ಮು ಒಮ್ಮೆಲೇ ಗರ್ಜನೆಯಾಯಿತು. ಹೊಗೆಯ ಪರ್ವತವೊಂದು ಎದ್ದು ಕಾಶಿಯ ಮನೆಯ ಕಡೆ ಹೊರಟಿತು. ಕೋಳಿಗಳು ತೆಂಗಿನ ಮರ ಹತ್ತಲು ನೋಡಿದವು. ಅಶೋಕ ಸ್ಟೇರಿಂಗ್ ಹಿಡಿದುಕೊಂಡು ಅಳುತ್ತಿದ್ದ. "ಅಪ್ಪನ ದನಿಯೇ ಅತ್ಗೆ!" ಎಂದ. ನಮ್ಮ ಮಾವನವರಿಗೆ ಉಬ್ಬಸ ಇದ್ದದ್ದು ಹೌದು.

ಬೀರಾ ಕೈ ಒರೆಸಿಕೊಂಡು ಒಂದೇ ಮಾತು ಹೇಳಿದ: "ನಾಳೆ ಒಮ್ಮೆ ಚಾಲೂ ಆದ್ಮೇಲೆ ಕಾರವಾರ ಮುಟ್ಟೂ ತನಕ ಬಂದ್ ಬೀಳೂಕೆ ಬಿಡ್ಬೇಡಿ. ದಾರಿಯಲ್ಲಿ ಬಂದ್ ಬಿದ್ರೆ ಸೆಲ್ಫ್ ತಕಣೂದಿಲ್ಲ, ದಬ್ಬೂದೇ."

ಮದುವೆಯ ದಿನವೂ ಬೆಳಗಾಯಿತು, ಪರಿಮಳ ಬರಲಿಲ್ಲ. ನಾನೂ ಅಡೆ ತೆರೆಯಲಿಲ್ಲ. "ಹುಲ್ಲಿನ ಸಮೇತ ಕಾರವಾರಕ್ಕೆ ಹೋಗ್ಲಿ. ದಾರಿಯಲ್ಲಿ ಬಿಸಿಗೆ ಹದ ಬರ್ತದೆ. ಅಲ್ಲೇ ತೆರೆದು ರಸ ತೆಗೆಯೂದು" ಎಂದೆ. ಜಯಾ ಪಾತ್ರೆ-ಪರಡಿ, ನೆಂಟರಿಷ್ಟರು ಮತ್ತು ಬೀರನ ಜೊತೆ ಟೆಂಪೋದಲ್ಲಿ ಮುಂದೆ ಹೋದಳು. ಕಾರಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ನಾವು ಹೊರಟೆವು. ಮುಂದೆ ಅಶೋಕ, ಅವನ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡ ರೂಪಾ, ಹಿಂದೆ ಹುಲ್ಲಿನ ನಡುವೆ ಮಣೆ ಹಾಕಿಕೊಂಡು ನಾನು. ನೋಡಿದವರಿಗೆ ಮದುಮಗಳ ಜೊತೆ ಬಾಣಂತಿ ಎಮ್ಮೆಯನ್ನೂ ಕಳಿಸಿಕೊಡುತ್ತಿದ್ದಾರೆ ಎಂದು ತೋರಿರಬೇಕು.

ಕಾರು ಓಡಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಓಡಿತು. ಹೆದ್ದಾರಿಯಲ್ಲಿ ಜನ ನಿಂತು ನೋಡಿದರು. ಕಿಟಕಿಯಿಂದ ಸಮುದ್ರದ ಗಾಳಿ ಬೀಸಿತು, ಪೆಟ್ರೋಲಿನ ವಾಸನೆ ಹಿಂದೆ ಉಳಿಯಿತು. ಅಮದಳ್ಳಿ ದಾಟುತ್ತಿದ್ದ ಹಾಗೆ ನನ್ನ ಮೂಗು ನೆಟ್ಟಗಾಯಿತು. ಬಂತು! ಕರಿ ಇಶಾಡು!

"ಬಂತು! ಬಂತು! ನಿಲ್ಸು!" ಎಂದು ಕೂಗಿದೆ.

ಅಶೋಕ ಏನು ಬಂತೋ ಎಂದು ಹೆದರಿ ಬ್ರೇಕಿನ ಮೇಲೆ ಎದ್ದು ನಿಂತ. ಕಾರು ಒಂದು ಬಿಕ್ಕಳಿಕೆ ಕೊಟ್ಟು, ಬಸ್ ಸ್ಟಾಪಿನ ಎದುರಿಗೇ ಪ್ರಾಣ ಬಿಟ್ಟಿತು.

"ಎಂತ ಬಂತು?"

"ಪರಿಮಳ!"

ಅವನು ಸ್ಟೇರಿಂಗಿಗೆ ಹಣೆ ಹಚ್ಚಿದ. ರೂಪಾ ಬಾಸಿಂಗ ಸರಿಮಾಡಿಕೊಂಡು, "ದೊಡ್ಡಾಯಿ, ಮುಹೂರ್ತ ನನ್ನದಾ, ಮಾವಿನಣ್ಣಿನದಾ?" ಎಂದು ಕೇಳಿದಳು. ನಾನು ಆಗಲೇ ಹುಲ್ಲು ಸರಿಸುತ್ತಿದ್ದೆ. ಹಣ್ಣುಗಳು ಮಲಗಿದ ಕೂಸುಗಳ ಹಾಗೆ ಕೆನ್ನೆ ಅರಳಿಸಿಕೊಂಡಿದ್ದವು. ಕಾರಿನ ಹಿಂದೆ ಅಂಕೋಲೆಯ ಬಸ್ಸು ಬಂದು, ನಿಲ್ಲಲು ಜಾಗವಿಲ್ಲದೆ ಹಾರ್ನು ಹೊಡೆಯತೊಡಗಿತು.

ಕಂಡಕ್ಟರು ಇಳಿದು ಬಂದ, ಮದುಮಗಳನ್ನು ನೋಡಿದ, ಹಾರ್ನು ನಿಲ್ಲಿಸಲು ಡ್ರೈವರಿಗೆ ಕೈ ಮಾಡಿದ. "ಮದ್ವೆ ಗಾಡಿನಾ? ಇಳೀರಿ ಎಲ್ರೂ, ಒಂದು ಕೈ ಕೊಡ್ವಾ" ಎಂದು ಬಸ್ಸಿನವರನ್ನು ಕರೆದ. ಹತ್ತಾರು ಜನ ದಬ್ಬಿದರು. ಕಾರು ಹೂಂಗುಟ್ಟಿತು, ಏಳಲಿಲ್ಲ. ಬಿಸಿಲು ಏರುತ್ತಿತ್ತು. ಎಲ್ಲರೂ ಬೆವರು ಒರೆಸಿಕೊಂಡು ಕಾರಿನ ಒಳಗೆ ನೋಡಿದರು.

ಶುಭಕಾರ್ಯಕ್ಕೆ ಹೊರಟವರು ದಾರಿಯಲ್ಲಿ ಕೈಜೋಡಿಸಿದವರನ್ನು ಬರಿಗೈಯಲ್ಲಿ ಕಳಿಸಬಾರದು. ಇದು ನಮ್ಮ ಮನೆಯ ನಡವಳಿಕೆ. ಪರರ ಮದುವೆಗಳಲ್ಲಿ ನಾನೇ ಎಷ್ಟೋ ಸಲ ಎದ್ದು ನಿಂತು ಹೇಳಿದ್ದೇನೆ. ಅಶೋಕ ತಿರುಗಿ ನನ್ನನ್ನೇ ನೋಡಿದ. "ಅತ್ಗೆ, ನೀವೇ ಹೇಳೂದಲ್ವಾ?"

ಕೊಟ್ಟೆ, ಒಬ್ಬೊಬ್ಬರಿಗೂ ಒಂದೊಂದು. ಎರಡನೇ ಸಲ ದಬ್ಬಲು ಬಸ್ಸಿನಲ್ಲಿ ಕೂತಿದ್ದ ಮುದುಕರೂ ಇಳಿದರು. ಕಾರು ಏಳಲಿಲ್ಲ, ಅವರಿಗೂ ಒಂದೊಂದು. ಮೂರನೇ ಸಲ ರಸ್ತೆಯಾಚೆಯ ಚಹಾದಂಗಡಿಯವರೂ, ಬುಟ್ಟಿ ಇಳಿಸಿಟ್ಟು ಮೀನು ಮಾರುವ ಹೆಂಗಸರೂ ಬಂದರು. ಕಾರು ಎದ್ದಿತು. ನನ್ನ ಅಡೆಯಲ್ಲಿ ಹುಲ್ಲು ಉಳಿಯಿತು. ಒಂದೇ ಒಂದು ಹಣ್ಣನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದೆ.

ಕಂಡಕ್ಟರು ಹಣ್ಣು ಕಚ್ಚಿದ. ಹಣ್ಣು ನೋಡಿದ, ಕಾರು ನೋಡಿದ. ಆಮೇಲೆ, "ನಿಮ್ಮ ಗಾಡಿ ಬಾಳ ಚಲೋ ಅದೆ ಅಜ್ಜಿ" ಎಂದ.

ಬಾಯಲ್ಲಿ ಕರಿ ಇಶಾಡು ಇಟ್ಟುಕೊಂಡು ಗಾಡಿ ಹೊಗಳುವವನ ನಾಲಿಗೆಗೆ ಏನು ಹೇಳೋಣ! ನಾನು ಮುಖ ತಿರುಗಿಸಿದೆ.

ಮುಹೂರ್ತಕ್ಕೆ ಮುಟ್ಟಿದೆವು. ಮಂಟಪದ ಬಾಗಿಲಲ್ಲಿ ಕಾರು ನಿಂತಾಗ ಪಟಾಕಿ ಬೇಕಾಗಲಿಲ್ಲ, ಅದೇ ಹೊಡೆಯಿತು. ಎಲ್ಲರೂ ಅಶೋಕನನ್ನು ಅಪ್ಪಿಕೊಂಡರು. ಜಯಾ ದೊಡ್ಡ ಪಾತ್ರೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ಹಣ್ಣು?"

"ಬಸ್ಸಿನಲ್ಲಿ ಹೋಯ್ತು."

ಅವಳು ಅಡುಗೆಯವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವನು ಪೇಟೆಯಿಂದ ಮಾವಿನ ರಸದ ಡಬ್ಬಿಗಳನ್ನು ತರಿಸಿ, ತೆಂಗಿನ ಹಾಲು, ಬೆಲ್ಲ ಹಾಕಿ ತಿರುಗಿಸಿದ. "ಬಾಯಿ ಮುಚ್ಕೊಂಡು ಬಡಿಸಿ" ಎಂದು ಜಯಾ ಸಟ್ಟುಗವನ್ನು ನನ್ನ ಕೈಗೇ ಕೊಟ್ಟಳು.

ಬಡಿಸಿದೆ. ಹಣ್ಣಿನ ನಡುವೆ ಕೂತು ಬಂದ ನನ್ನ ಸೀರೆಯಿಂದ ಕರಿ ಇಶಾಡಿನ ಪರಿಮಳ ಪಂಕ್ತಿಯುದ್ದಕ್ಕೂ ಹರಡಿತು. ಹುಡುಗನ ತಾಯಿ ಕಣ್ಣು ಮುಚ್ಚಿ, "ಎಂತಾ ಪರಿಮಳ!" ಎಂದರು. ಅವರ ಅಣ್ಣ ಎರಡನೇ ಸಲ ಹಾಕಿಸಿಕೊಂಡು, "ಮರದಲ್ಲಿ ಬೆಳೆದದ್ದಕ್ಕೂ ಡಬ್ಬಿಯದಕ್ಕೂ ಇದೇ ನೋಡಿ ವ್ಯತ್ಯಾಸ! ನಾನು ನಾಲಿಗೆಯಲ್ಲಿ ಇಟ್ಟ ಕೂಡ್ಲೇ ಹೇಳ್ತೆ" ಎಂದು ಪಂಕ್ತಿಗೆಲ್ಲ ಪಾಠ ಹೇಳಿದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಊಟ ಮುಗಿದ ಮೇಲೆ ಮಂಟಪದ ಹಿತ್ತಲಿಗೆ ಹೋಗಿ ಸೆರಗಿನ ಗಂಟು ಬಿಚ್ಚಿದೆ. ಮಾತು ಹೋದರೂ ರುಚಿಯಾದರೂ ನನಗೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಹಣ್ಣು ಕಚ್ಚಿದೆ.

ಪೆಟ್ರೋಲು.

ಮೇಲೆ ಕರಿ ಇಶಾಡಿನ ಸಿಹಿ. ಅದರಡಿಗೆ, ಗೊರಟಿನ ತನಕ, ಅಪ್ಪಟ ಪೆಟ್ರೋಲು. ನಡುವೆ ಎಲ್ಲೋ ಬೀರನ ಬೀಡಿ. ಇದನ್ನೇ ಬೀಗರ ಎಲೆಗೆ ಹಾಕಲು ನಾನು ಹೊರಟದ್ದು! ಕಾಶಿಯ ಒಣಸಿಗಡಿ ನೆನಪಾಯಿತು. ಸದ್ಯ, ಅವಳು ಟೆಂಪೋದಲ್ಲೇ ಬಂದು ಒಳಗೆ ವೀಳ್ಯ ಹಾಕುತ್ತಿದ್ದಳು.

ಉಗುಳೋಣ ಎನ್ನುವಷ್ಟರಲ್ಲಿ ಎದುರಿಗೆ ಅಶೋಕ ನಿಂತಿದ್ದ.

"ಓಹೋ, ಒಂದು ಉಳಿಸ್ಕೊಂಡಿದ್ರಾ ಅತ್ಗೆ? ಹೆಂಗದೆ?"

ನುಂಗಿದೆ. "ಅಮೃತ" ಎಂದೆ.

"ನಂಗೂ ಒಂದು ಚೂರು ಕೊಡಿ."

"ಇಲ್ಲ" ಎಂದು ಬೆನ್ನು ತಿರುಗಿಸಿ, ಪೂರ್ತಿ ಹಣ್ಣನ್ನು, ಸಿಪ್ಪೆ ಬಿಡದೆ, ಗೊರಟು ಚೀಪಿ, ಅವನ ಎದುರೇ ತಿಂದು ಮುಗಿಸಿದೆ. ಅತ್ತಿಗೆಗೆ ಹಂಚಿ ತಿನ್ನುವ ಮನಸ್ಸಿಲ್ಲ ಎಂದು ಅವನು ಈಗ ಅವರ್ಸಾದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ.

ಅಷ್ಟರಲ್ಲಿ ಬೀರಾ ಊಟ ಮುಗಿಸಿ ಹಿತ್ತಲಿಗೆ ಬಂದ. ನನ್ನ ಪಕ್ಕದಲ್ಲೇ ನಿಂತು ಬೀಡಿ ಬಾಯಿಗಿಟ್ಟು, ಕಡ್ಡಿಪೆಟ್ಟಿಗೆ ತೆಗೆದ. ನನಗೆ ಆಗಲೇ ಒಂದು ತೇಗು ಬರುವುದರಲ್ಲಿತ್ತು.

"ಸ್ವಲ್ಪ ಆಚೆ ಹೋಗಿ ಹಚ್ಚು ಮಾರಾಯ" ಎಂದು ನಾನು ಬಾಯಿಗೆ ಸೆರಗು ಹಿಡಿದುಕೊಂಡು ಬಾವಿಯ ಕಡೆ ಓಡಿದೆ.