ಚಿಕ್ಕಜ್ಜನೂ ಎಂಜಲು ಸೇಬೂ

ಸಿಂಚನಾ, ಮನೋಜ, ನಿಮ್ಮ ಚಿಕ್ಕಜ್ಜನಷ್ಟು ಬುದ್ಧಿವಂತ ಈ ದಾವಣಗೆರೆಯಲ್ಲೇ ಇಲ್ಲ. ಇದು ನನ್ನ ಮಾತಲ್ಲ, ಅವನದೇ ಮಾತು. ಅವನು ನಿಮ್ಮ ಅಜ್ಜನ ಕೊನೆಯ ತಮ್ಮ. ನಾನು ಸಾರಥಿ ಊರಿಗೆ ಸೊಸೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಈಗ ನಿಟ್ಟುವಳ್ಳಿಯ ನಮ್ಮ ಮನೆಯ ಮಹಡಿಯಲ್ಲೇ ಮದುವೆ ವಿಡಿಯೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಹರಿಹರದ ಕಲ್ಯಾಣ ಮಂಟಪಗಳಲ್ಲಿ ಇವನ ಕ್ಯಾಮೆರಾ ಎದುರಿಗಿಲ್ಲದೆ ತಾಳಿ ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಕಡಿಮೆ. ರಜೆಗೆ ಬಂದಾಗಲೆಲ್ಲ ನೀವು ಅವನನ್ನು ನೋಡಿ ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಅವನು ಕಂಪ್ಯೂಟರ್ ಬದಲಾಯಿಸಿದ ಕತೆಯನ್ನು ಪೂರ್ತಿ ತಿಳಿದುಕೊಂಡು ನಗಿ. ನಾಲ್ಕು ಜನರ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ದೂರಿನಿಂದ. ಅವನು ಮಾಡಿಕೊಟ್ಟ ಒಂದು ವಿಡಿಯೋದಲ್ಲಿ ಗಟ್ಟಿಮೇಳ ಎಷ್ಟು ಜೋರಾಗಿತ್ತೆಂದರೆ, ಆ ಮದುವೆಯವರ ಮನೆಯ ನಾಯಿ ಮಂಚದ ಕೆಳಗೆ ಸೇರಿದ್ದು ಊಟಕ್ಕೂ ಹೊರಗೆ ಬರಲಿಲ್ಲವಂತೆ. ಇನ್ನೊಂದು, ಹರಿಹರದ ಅಕ್ಕಿ ವ್ಯಾಪಾರಿಯೊಬ್ಬರ ಹಿರಿಯ ಮಗಳ ಮದುವೆಯದು. ಅದರಲ್ಲಿ ಅಯ್ಯನೋರ ಮಂತ್ರಕ್ಕಿಂತ ಚೆನ್ನಾಗಿ, ಮೈಕಿನ ಪಕ್ಕ ಕೂತಿದ್ದ ಹೆಣ್ಣಿನ ಕಡೆಯ ಇಬ್ಬರು ಹೆಂಗಸರ ಮಾತು ಕೇಳುತ್ತಿತ್ತು: "ಬೀಗತಿ ಕೈ ನೋಡೇ. ಹೋಳಿಗಿಗೆ ತುಪ್ಪ ಹಾಕಿದ ಕೈ ಅಲ್ಲ ಅದು." ಬೀಗರ ಮನೆಯಲ್ಲಿ ಎಲ್ಲರೂ ಚಾಪೆ ಹಾಸಿಕೊಂಡು ಟಿವಿಯಲ್ಲಿ ಮದುವೆ ನೋಡುತ್ತಿರುವಾಗ ಈ ಮಾತು ಬಂದರೆ ಏನಾಗಬೇಕು? ಅದೇ ಆಯಿತು.

ವ್ಯಾಪಾರಿ ಮಹಡಿ ಹತ್ತಿ ಬಂದರು. "ನೋಡ್ರಿ, ನನಗೆ ಇನ್ನೊಬ್ಬ ಮಗಳದಾಳೆ. ಮೊದಲು ಇದನ್ನ ಸರಿ ಮಾಡಿ ಕೊಡ್ರಿ. ಸರಿಯಾದ್ರೆ ಆ ಮದುವಿನೂ ನಿಮಗೇ. ಇಲ್ಲಾಂದ್ರೆ ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ" ಅಂದರು. ಅವರು ಕೈಬಿಟ್ಟರೆ ಅವರ ಬಳಗವೆಲ್ಲ ಕೈಬಿಟ್ಟಂತೆ. ಆಮೇಲೆ ಸ್ಟುಡಿಯೋ ಬಾಗಿಲು ತೆಗೆದರೂ ಒಂದೇ, ಮುಚ್ಚಿದರೂ ಒಂದೇ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಚಿಕ್ಕಜ್ಜ ಹೆದರಿದನೇ? ಅವನ ಜಾತಕದಲ್ಲೇ ಅದಿಲ್ಲ. "ತಪ್ಪು ಕಂಪ್ಯೂಟರಿಂದು ಅತ್ತಿಗಮ್ಮ. ಸೌಂಡ್ ಸರಿಯಾಗಿ ಕೊಡ್ತಿಲ್ಲ. ತಳಿನೇ ಬದಲು ಮಾಡ್ತೀನಿ" ಅಂದ. ಕಂಪ್ಯೂಟರಿನಲ್ಲಿ ಕಿಟಕಿಯ ಗುರುತಿನದು, ಸೇಬಿನ ಗುರುತಿನದು ಅಂತ ಎರಡು ತಳಿಯಂತೆ. ಇಷ್ಟು ವರ್ಷ ಕಿಟಕಿಯದರಲ್ಲಿ ದುಡಿದವನು ಸೇಬಿಗೆ ಹೊರಟ. ಒಬ್ಬನೇ ಹೋದರೆ ಅಂಗಡಿಯವನು ಏಮಾರಿಸುತ್ತಾನೆ ಅಂತ ನನ್ನನ್ನೂ ಕರೆದುಕೊಂಡು ಹೋದ. ನನ್ನನ್ನು ಕಂಡರೆ ಅಂಗಡಿಯವನು ಹೆದರುತ್ತಾನೆಯೇ? ಸೊಪ್ಪು ಮಾರುವವಳೇ ಹೆದರುವುದಿಲ್ಲ.

ನಮ್ಮದು ಸಾರಥಿಯ ಒಕ್ಕಲು ಮನೆತನ. ಅಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಬೇಕು, ಸುಳಿ ನೋಡಬೇಕು, ನಡೆಸಿ ನೋಡಬೇಕು, ಕೊನೆಗೆ ಹೂಡಿ ನೋಡಬೇಕು. ನಿಮ್ಮ ಚಿಕ್ಕಜ್ಜನಿಗೆ ಕೊಳ್ಳುವ ವಿದ್ಯೆ ತಿಳಿದಿರುವುದು ಅದೊಂದೇ. ಅಂಗಡಿಯ ಹುಡುಗಿ ಮೆಮೊರಿ, ಪ್ರೊಸೆಸರ್ ಅಂತ ಪಟಪಟ ಹೇಳುತ್ತಿದ್ದಳು. ಇವನು ಕಂಪ್ಯೂಟರನ್ನು ಹಿಂದೆ ಮುಂದೆ ತಿರುಗಿಸಿ, ಬೆನ್ನು ಸವರಿ, ತಂತಿ ಸಿಕ್ಕಿಸುವ ತೂತುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದ.

"ಸಾರ್, ನಾಲ್ಕೂ ಪೋರ್ಟ್ ಕೆಲಸ ಮಾಡ್ತವೆ" ಅಂದಳು ಹುಡುಗಿ.

"ಆಗ್ಲಮ್ಮ. ಹೂಡಿ ತೋರ್ಸು."

"ಅಂದ್ರೆ?"

"ಎತ್ತು ನಿಲ್ಲಿಸಿ ನೋಡಿ ಯಾರಾದ್ರೂ ತಗೊಳ್ತಾರಾ? ಭಾರ ಎಳೀಬೇಕು." ಚೀಲದಿಂದ ಡಿಸ್ಕ್ ತೆಗೆದು ಒಂದು ಇಡೀ ಮದುವೆಯನ್ನು ಆ ಕಂಪ್ಯೂಟರಿಗೆ ಹೇರಿದ. ತುಂಡು ತುಂಡು ಚಿತ್ರವೆಲ್ಲ ಒಂದಾಗಿ ಪೂರ್ತಿ ವಿಡಿಯೋ ಆಗುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಬಂದ ಗಿರಾಕಿಗಳೆಲ್ಲ ಸುತ್ತ ನಿಂತು ಮದುವೆ ನೋಡತೊಡಗಿದರು. ಮೊಬೈಲ್ ಕೊಳ್ಳಲು ಬಂದಿದ್ದ ಒಬ್ಬಾಕೆ, "ಅಯ್ಯ, ಇವ್ರು ಆನಗೋಡಿನ ನಮ್ಮ ದೊಡ್ಡಪ್ಪನೋರು" ಅಂತ ಪರದೆಗೆ ಕೈಮುಗಿದಳು. ಹೆಣ್ಣನ್ನು ಕಳಿಸಿಕೊಡುವ ಭಾಗ ಬಂದಾಗ ಅಂಗಡಿಯ ಯಜಮಾನನೇ ಕಣ್ಣೊರೆಸಿಕೊಂಡ. ಕಂಪ್ಯೂಟರ್ ಬಿಸಿಯಾಗಲಿಲ್ಲ, ಏದುಸಿರು ಬಿಡಲಿಲ್ಲ. "ಎಳೀತೈತೆ. ಕಟ್ಟಿ ಕೊಡ್ರಿ" ಅಂದ ಚಿಕ್ಕಜ್ಜ.

ಮನೆಗೆ ಬಂದ ಮೇಲೆ ಪೂಜೆ. ಅವನ ಹೆಂಡತಿ, ನನ್ನ ವಾರಗಿತ್ತಿ, ಆರತಿ ತಟ್ಟೆ ಹಿಡಿದುಕೊಂಡು ಬಂದವಳು ಕಂಪ್ಯೂಟರ್ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. "ಅಕ್ಕಾ, ಇದನ್ನ ಯಾರೋ ಕಚ್ಯಾರೆ. ಎಂಜಲು ಹಣ್ಣಿಗೆ ಪೂಜಿ ಮಾಡ್ತಾರೇನು?" ಅವಳು ಕೇಳಿದ್ದರಲ್ಲಿ ಸುಳ್ಳೇನಿದೆ? ಅರ್ಧ ತಿಂದ ಹಣ್ಣನ್ನು ನಾವು ಮಕ್ಕಳಿಗೂ ಕೊಡುವುದಿಲ್ಲ, ದೇವರಿಗೆ ಇಡುವುದೆಂತು? ಚಿಕ್ಕಜ್ಜ ಒಂದು ಗಳಿಗೆ ಯೋಚಿಸಿ, ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ಕಚ್ಚಿದ ಜಾಗಕ್ಕೆ ತುಂಬಿ ಸೇಬನ್ನು ಇಡಿಯಾಗಿ ಮಾಡಿದ. ಆಮೇಲೆ ಮಂಗಳಾರತಿ ಆಯಿತು. ಇವತ್ತಿಗೂ ನಮ್ಮ ಮನೆಯ ಸೇಬು ಇಡಿಯಾಗಿಯೇ ಇದೆ, ನೀವು ಬಂದಾಗ ನೋಡಬಹುದು.

ಹೊಸ ತಳಿ ಸುಲಭಕ್ಕೆ ಪಳಗಲಿಲ್ಲ. ಹಳೆಯದರಲ್ಲಿ ಮುಚ್ಚುವ ಗುಂಡಿ ಬಲಕ್ಕಿತ್ತು, ಇದರಲ್ಲಿ ಎಡಕ್ಕೆ. ಬಲಕ್ಕೆ ಹೋದ ಕೈಗೆ ಬರೀ ಬಯಲು. ಹಳೆಯ ಡಿಸ್ಕ್ ಚುಚ್ಚಿದರೆ ಅದರೊಳಗಿನದನ್ನು ತೋರಿಸುತ್ತದೆ, ಅದರಲ್ಲಿ ಏನನ್ನೂ ಇಡಲು ಬಿಡುವುದಿಲ್ಲ. "ಹೊಸ ಸೊಸಿ ಇದ್ದಂಗೈತೆ ಅತ್ತಿಗಮ್ಮ. ಅತ್ತಿ ಮನಿ ಪಾತ್ರೆ ನೋಡ್ತಾಳೆ, ಮುಟ್ಟಲ್ಲ" ಅಂದ. ನನಗಿಂತ ಜೋರಾಗಿ ವಾರಗಿತ್ತಿ ನಕ್ಕಳು.

ಕಡೆಗೆ ಒಂದು ದಿನ ನಮ್ಮಿಬ್ಬರನ್ನೂ ಮಹಡಿಗೆ ಕರೆದ. ವ್ಯಾಪಾರಿಯ ಮಗಳ ವಿಡಿಯೋ ಹಾಕಿ, ಹೊಸ ಸ್ಪೀಕರುಗಳ ಕಡೆ ಕೈ ತೋರಿಸಿ, "ಕೇಳ್ರಿ. ಎಷ್ಟು ತಿಳಿಯಾಗೈತೆ ನೋಡ್ರಿ ಸೌಂಡು. ಅಯ್ಯನೋರ ಒಂದೊಂದು ಅಕ್ಷರ ಕೇಳ್ತೈತೆ" ಅಂದ. ಕಣ್ಣು ಮುಚ್ಚಿ ತಲೆಯಾಡಿಸಿದ.

ನಮಗೆ ಏನೂ ಕೇಳಲಿಲ್ಲ. ನಾನು ಕೆಳಗೆ ನೋಡಿದೆ. ಬೆಳಿಗ್ಗೆ ಕಸ ಗುಡಿಸುವಾಗ ಕಿತ್ತುಹೋಗಿದ್ದ ಸ್ಪೀಕರಿನ ಪಿನ್ನು ನೆಲದ ಮೇಲೆ ಬಿದ್ದಿತ್ತು.

ವಾರಗಿತ್ತಿ ನಗಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಅವಳು ನನ್ನ ಮುಖ ನೋಡಿದಳು, ಅವಳಿಗೂ ತಿಳಿಯಿತು. ನಾಯಿ ಮಂಚದ ಕೆಳಗೆ ಹೋದದ್ದು ಯಾಕೆ, ಬೀಗತಿಯ ತುಪ್ಪದ ಮಾತು ಉಳಿದುಕೊಂಡದ್ದು ಯಾಕೆ, ಎಲ್ಲವೂ. ಕೆಟ್ಟಿದ್ದು ಕಂಪ್ಯೂಟರ್ ಅಲ್ಲ. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಪಿನ್ನು ಸಿಕ್ಕಿಸಿ, "ಹೌದಪ್ಪ, ಭಾಳ ತಿಳಿಯಾಗೈತೆ" ಅಂದೆ.

ಮರುದಿನ ಅವರೆಕಾಯಿ ಮೊರ ಹಿಡಿದುಕೊಂಡು ಮಹಡಿಗೆ ಹೋಗಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂತೆ. "ಯಾಕ ಅತ್ತಿಗಮ್ಮ?" ಅಂದ. "ಮದುವಿ ನೋಡಿ ಭಾಳ ದಿನ ಆತು" ಅಂದೆ. ಅದು ನಿಜವೂ ಹೌದು. ನಿಮ್ಮ ಅಜ್ಜ ಹೋದ ಮೇಲೆ ತಾಳಿ ಕಟ್ಟುವ ಹೊತ್ತಿಗೆ ನಾನಾಗಿಯೇ ಹಿಂದಿನ ಸಾಲಿಗೆ ಸರಿಯುತ್ತಿದ್ದೆ. ಅವರೆಕಾಯಿ ಸುಲಿಯುತ್ತಾ, "ಇಲ್ಲಿ ಇಬ್ರು ಹೆಂಗಸ್ರು ಬೀಗತಿನ ಬೈತಾರಪ್ಪ" ಅಂದೆ. ಅವನು ನನ್ನ ಕಡೆ ತಿರುಗದೆ ಅಷ್ಟನ್ನು ಕತ್ತರಿಸಿದ. ಗಟ್ಟಿಮೇಳ ಬಂತು. ನಾನು ಅಂಗೈ ಕೆಳಗೆ ಮಾಡಿದೆ, ಅವನು ತಗ್ಗಿಸಿದ. ಮಂತ್ರಕ್ಕೆ ಅಂಗೈ ಮೇಲೆತ್ತಿದೆ, ಏರಿಸಿದ. ಕಿವಿಯ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವ್ಯಾಪಾರಿ ಬಂದು ನೋಡಿ, "ಈಗ ಸರಿ ಆತು ನೋಡ್ರಿ" ಅಂದರು. ಎರಡನೆಯ ಮಗಳ ಮದುವೆಯ ಕೆಲಸ ಚಿಕ್ಕಜ್ಜನಿಗೇ ಬಂತು. ಅವನು ಎದೆಯುಬ್ಬಿಸಿ, "ಎಲ್ಲಾ ಸೇಬಿನ ಗುಣ" ಅಂದ. ಆಮೇಲೆ ವಾರಗಿತ್ತಿಯೇ ಧೈರ್ಯ ಮಾಡಿ, ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಅಂತ ಹೇಳಿದ್ದಾಳೆ. ಒಪ್ಪಿದ್ದಾನೆ. ಆದರೆ ಯಾವುದನ್ನು ಕೊಳ್ಳಬೇಕೆಂದು ಅಂಗಡಿ ಅಂಗಡಿ ತಿರುಗುತ್ತಿದ್ದಾನೆ. ಹೂಡಿ ನೋಡದೆ ತರುತ್ತಾನೆಯೇ? ಅಲ್ಲಿಯವರೆಗೆ ಆ ಸ್ಟೂಲು ನನ್ನದು.

ಹೋದ ವಾರ ಹಳೆಯ ಡಿಸ್ಕುಗಳಲ್ಲಿದ್ದದ್ದನ್ನೆಲ್ಲ ಹೊಸ ಕಂಪ್ಯೂಟರಿಗೆ ಇಳಿಸುತ್ತಿದ್ದಾಗ ನಿಮ್ಮ ಅಪ್ಪನ ಮದುವೆ ಬಂತು. ಊಟದ ಮನೆಯ ಬಾಗಿಲಲ್ಲಿ ನಿಮ್ಮ ಅಜ್ಜ ನಿಂತಿದ್ದಾರೆ. ಕ್ಯಾಮೆರಾ ಕಡೆ ನೋಡಿ ಕೈಬೀಸಿ ಏನೋ ಹೇಳುತ್ತಿದ್ದಾರೆ. ಚಿಕ್ಕಜ್ಜ ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಹಾಕಿದ. ಮತ್ತೆ ಹಾಕಿದ.

"ಅತ್ತಿಗಮ್ಮ, ಅಣ್ಣ ಏನಂತಾನೆ?"

ನಾನು ಮೆಲ್ಲಗೆ ಹೇಳಿದೆ.

"ಕೇಳ್ಲಿಲ್ಲ" ಅಂದ. ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಇನ್ನೊಂದ್ಸಲ ಹೇಳ್ರಿ."

ನಿಮಗೆ ಗೊತ್ತಲ್ಲ, ನಾನು ದನಿ ಏರಿಸಿ ಮಾತಾಡಿದವಳಲ್ಲ. ಅವತ್ತು ಮೊರ ಪಕ್ಕಕ್ಕಿಟ್ಟು, ಅವನ ಕಿವಿಯ ಹತ್ತಿರ ಬಗ್ಗಿ, ನಿಮ್ಮ ಅಜ್ಜನ ಗತ್ತಿನಲ್ಲೇ ಬೀದಿಗೆ ಕೇಳುವಂತೆ ಕೂಗಿದೆ: "ಸಾಕು ಬಾರೋ. ಕ್ಯಾಮೆರಾ ಇಡು, ಸಾರು ಆರಿಹೋಗ್ತೈತೆ. ನಾನೂ ಉಂಡಿಲ್ಲ, ನಿನಗೇ ಕಾಯ್ತಾ ನಿಂತೀನಿ."

ಚಿಕ್ಕಜ್ಜ ಪರದೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಬಂದೆ ಅಣ್ಣ" ಅಂದ.

ಮಕ್ಕಳೇ, ನಿಮ್ಮ ಅಜ್ಜನ ಮಾತನ್ನು ಅವರು ಆಡಿದ ಹಾಗೆಯೇ ಇಲ್ಲಿ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ. ನಾಳೆ ಇನ್ನೊಂದು ತಳಿಯ ಕಂಪ್ಯೂಟರ್ ಬಂದು ಈ ಡಿಸ್ಕುಗಳನ್ನು ತೆರೆಯುವುದಿಲ್ಲ ಅನ್ನಬಹುದು. ಈ ಹಾಳೆಗಳನ್ನು ನಿಮ್ಮ ಬಟ್ಟೆಯ ಬೀರುವಿನಲ್ಲಿ, ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ. ಓದುವಾಗ ಅಜ್ಜನ ಆ ಮಾತನ್ನು ಮಾತ್ರ ಜೋರಾಗಿ ಓದಿ.