ಕುರ್ಚಿಯ ಜೊತೆ ಬಂದವರು

ಇದು ನಡೆದ ಕತೆ. ನಂಬದಿದ್ದರೆ ನಮ್ಮ ಮನೆಗೆ ಬಂದು ನೋಡಿ, ಊಟದ ಮೇಜಿನ ಸುತ್ತ ಒಂದು ಕುರ್ಚಿ ಕಡಿಮೆ ಇದೆ. ಮೇಲಿನ ಮಹಡಿಯ ಯಾವೊರನ ಮನೆಗೆ ಹೋದದ್ದು ಇನ್ನೂ ಇಳಿದು ಬಂದಿಲ್ಲ.

ಯಾವೊರನಿಗೆ ಬೇಕಾಗಿದ್ದದ್ದು ನಿದ್ದೆ, ಅಷ್ಟೇ. ಅದೂ ಸೊಜೊಪೊಲ್‌ನ ಸಮುದ್ರದ ದಡದಲ್ಲಿ, ಅಲೆಯೊಂದು ಬಿಟ್ಟು ಬೇರೆ ಯಾರೂ ಮಾತಾಡಿಸದ ಹಾಗೆ. ಅವನು ಕೆಲಸಕ್ಕಿದ್ದದ್ದು ನಮ್ಮ ಪ್ಲೊವ್ದಿವ್ ಊರಿನದೇ ಒಂದು ಶುಭಾಶಯದ ಕಂಪನಿಯಲ್ಲಿ. ನಮ್ಮಲ್ಲಿ ಪ್ರತಿ ಹೆಸರಿಗೂ ವರ್ಷಕ್ಕೊಂದು ಹಬ್ಬ. ಯಾರೇ ನಾಲ್ಕು ಸಾಲು ಬರೆದರೂ ಅದನ್ನು ಆ ದಿನದ ಹೆಸರಿನವರ ಮೊಬೈಲುಗಳಿಗೆಲ್ಲ ಹಂಚುವುದು ಕಂಪನಿಯ ಯಂತ್ರಗಳ ಕೆಲಸ. ಯಂತ್ರಗಳನ್ನು ಕಾಯುವುದು ಯಾವೊರನ ಕೆಲಸ. ಹೀಗಾಗಿ ಊರಿಗೆ ಹಬ್ಬ ಬಂದಾಗಲೆಲ್ಲ ಇವನಿಗೆ ಜಾಗರಣೆ.

ಕೊನೆಗೆ ಚಳಿಗಾಲವಿಡೀ ಕೂತು ಒಂದು ಪ್ರೋಗ್ರಾಮ್ ಬರೆದ. ಶುಭಾಶಯ ರಾಶಿ ಬಿದ್ದರೆ ಅದು ತಾನಾಗಿಯೇ ಕ್ಲೌಡಿನಿಂದ ಇನ್ನಷ್ಟು ಯಂತ್ರಗಳನ್ನು ಬಾಡಿಗೆಗೆ ಕರೆಯುತ್ತದೆ, ಕೆಲಸ ಹಂಚುತ್ತದೆ, ರಾಶಿ ಕರಗಿದರೆ ವಾಪಸು ಕಳಿಸುತ್ತದೆ. ಪಂಕ್ತಿ ಉದ್ದವಾದಂತೆ ಬಡಿಸುವವರನ್ನು ಕೂಗಿ ಕರೆಯುವ ಮದುವೆಮನೆಯ ಹಿರಿಯನ ಹಾಗೆ.

ಒಡತಿ ವಿಯೊಲೆಟಾ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಹೂವಿನ ಭಾನುವಾರ ಬರ್ತಿದೆ. ಗಿಡ, ಮರ, ಹೂವಿನ ಹೆಸರಿರೋರಿಗೆಲ್ಲ ಅವತ್ತೇ ಹಬ್ಬ. ಸೂರ್ಯ ಮುಳುಗೋವರೆಗೂ ನೀನು ಲ್ಯಾಪ್‌ಟಾಪ್ ತೆರೀದೆ ಎಲ್ಲ ನಡೆದುಹೋಯ್ತೋ, ಜೂನಲ್ಲಿ ಸೊಜೊಪೊಲ್‌ನ ನನ್ನ ಮನೆ ಒಂದು ವಾರ ನಿನ್ನದು. ತೆರೆದ್ಯೋ, ಇನ್ನು ಎಲ್ಲ ಹಬ್ಬಕ್ಕೂ ಆಫೀಸೇ ನಿನ್ನ ಮನೆ."

ಪಕ್ಕದ ಮೇಜಿನ ಮ್ಲಾಡೆನ್ ಮುಚ್ಚಳ ಸರಿಯಾಗಿ ಕೂರದ ಕುಕ್ಕರಿನ ಹಾಗೆ ಸುಯ್ಯೆಂದು ನಕ್ಕ. "ನಿನ್ನ ಹೆಸರೂ ಮರದ್ದೇ ಅಲ್ವೇನೋ? ಒಂದು ಉಡುಗೊರೆ ಇಟ್ಟಿದೀನಿ. ಅವತ್ತೇ ಗೊತ್ತಾಗುತ್ತೆ."

ಆ ಭಾನುವಾರ ಹಬ್ಬದ ಪದ್ಧತಿಯಂತೆ ಬಾಗಿಲಿಗೆ ವಿಲೋ ಮರದ ಕೊಂಬೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಬೀರುವಿನ ಮೇಲೆ ಮಲಗಿಸಿ, ಯಾವೊರ್ ತಾನೂ ಬಾಲ್ಕನಿಯ ಆರಾಮಕುರ್ಚಿಯಲ್ಲಿ ಮಲಗಿದ. ಬಿಸಿಲು ಕಾಸಿದ ತುಪ್ಪದ ಹಾಗೆ ರೆಪ್ಪೆಯ ಮೇಲೆ ಇಳಿಯುತ್ತಿತ್ತು. ದೂರದ ಗಂಟೆಯ ಸದ್ದು ನದಿಯ ಗಾಳಿಯಲ್ಲಿ ತೇಲಿ ಬಂದು, ಇವನನ್ನು ಮುಟ್ಟಿ, ಹಾಗೇ ಮುಂದೆ ಹೋಯಿತು. ಇನ್ನೇನು ಸಮುದ್ರ ಕಾಣಬೇಕು, ಬಾಗಿಲು ಬಡಿಯಿತು.

ಎದುರುಮನೆಯ ಗಿನ್ಕಾ ಅತ್ತೆ, ಕೈಯಲ್ಲಿ ಹುರಿದ ಮೀನಿನ ತಟ್ಟೆ.

"ಹೆಸರಿನ ಹಬ್ಬದ ದಿನ ಬಾಗಿಲು ಹಾಕ್ಕೊಂಡು ಮಲಗಿದ್ಯಲ್ಲೋ, ನಾಚ್ಕೆ ಆಗಲ್ವಾ?"

"ನಾನು ಯಾರನ್ನೂ ಕರೆದಿಲ್ಲ ಅತ್ತೆ."

"ಕರೆಸಿಕೊಂಡು ಬರೋಕೆ ಇದೇನು ಮದುವೇನಾ? ನೆನಪಿರೋರು ಬರ್ತಾರೆ. ಮರೆತೋರಿಗೆ ನಾನು ನೆನಪು ಮಾಡಿದೀನಿ."

ಬಂದರು. ಮನೆಯಲ್ಲಿದ್ದದ್ದು ಎರಡು ಕುರ್ಚಿ. ಅತ್ತೆ ಮೆಟ್ಟಿಲಿನಲ್ಲಿ ನಿಂತು, "ಕುರ್ಚಿ ಕಳಿಸ್ರಪ್ಪಾ" ಎಂದು ಕೂಗಿದರು. ಕುರ್ಚಿ ಬಂತು, ಅದನ್ನು ಹೊತ್ತ ಯಜಮಾನನೂ ಬಂದ. ಕುರ್ಚಿ ಇಳಿಸಿದವನು ದಣಿದಿದ್ದನಲ್ಲ, ಅದರ ಮೇಲೇ ಕೂತ. ಯಾರಿಗೆಂದು ತರಿಸಿದ್ದೋ ಅವರು ನಿಂತೇ ಇದ್ದರು. ಅವರಿಗೆಂದು ಇನ್ನೊಂದು ತರಿಸಿದರು. ಅದರ ಹಿಂದೆಯೂ ಒಬ್ಬರು. ಸುಮ್ಮನೆ ಕೊಟ್ಟು ಬರೋಣವೆಂದು ಹೋದ ನಾನೂ ಹಣ್ಣಿನ ಸಾರಾಯಿ ರಾಕಿಯಾದ ಎರಡನೇ ಸುತ್ತು ಕುಡಿದೇ ಎದ್ದದ್ದು.

ಯಾವೊರನ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು. ಫೋನು ನೋಡಬಹುದು, ಷರತ್ತು ಲ್ಯಾಪ್‌ಟಾಪಿಗೆ ಮಾತ್ರ. ಬಾಡಿಗೆ ಯಂತ್ರಗಳ ಲೆಕ್ಕ ಏರುತ್ತಿತ್ತು. ಹಬ್ಬವಲ್ಲವೇ, ಮಧ್ಯಾಹ್ನಕ್ಕೆ ಇಳಿದೀತು ಎಂದುಕೊಂಡ. ನಡುನಡುವೆ ಶುಭಾಶಯ: "ನಿಮ್ಮ ಹೆಸರು ಬಾಳಲಿ, ಇಂತಿ ಕೊಕಿಚೆ." "ಆರೋಗ್ಯ ಇರಲಿ, ಇಂತಿ ಲಾಲೆ." "ಇಂತಿ ಮಿಂಜುಖಾರ್." ಹೂವಿನ ಹೆಸರಿನ ಈ ಹೆಂಗಸರು ಯಾರೋ, ಅತ್ತೆಯ ಗೆಳತಿಯರಿರಬೇಕು.

ರಾಕಿಯಾ ಮತ್ತು ಬಿಸಿಲು ಸೇರಿ ಅವನನ್ನು ನಿಂತಲ್ಲೇ ಗೋಡೆಗೆ ಒರಗಿಸಿದವು. ಕನಸಿನಲ್ಲಿ ಬಾಡಿಗೆ ಯಂತ್ರಗಳೆಲ್ಲ ತಲೆಗೆ ವಿಲೋ ಕಿರೀಟ ಸುತ್ತಿಕೊಂಡು, ನೆಲ ಮುಟ್ಟದ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿ ಬಂದವು. ಒಂದೊಂದರ ಕೈಯಲ್ಲೂ ಒಂದೊಂದು ಕುರ್ಚಿ. "ಕೂತ್ಕೋಬಹುದಾ?" ಎಂದು ಮೆಲ್ಲಗೆ ಕೇಳಿದವು. ಕಿಟಕಿಯಾಚೆ ಪ್ಲೊವ್ದಿವ್ ಇರಲಿಲ್ಲ, ಬರೀ ನೀಲಿ ನೀರಿತ್ತು, ನೀರಿನ ಮೇಲೂ ಕುರ್ಚಿಗಳು ತೇಲುತ್ತಿದ್ದವು.

ಎಚ್ಚರವಾದಾಗ ಎದುರಿಗೆ ಮ್ಲಾಡೆನ್, ಬಾಯ್ತುಂಬ ಮೀನು. "ಉಡುಗೊರೆ ಬಂತೇನೋ?"

"ಯಾವ ಉಡುಗೊರೆ?"

"ಪಾಪ, ನಿನ್ನ ಯಂತ್ರಗಳಿಗೆ ಬರೀ ನಂಬರ್ ಇತ್ತಲ್ಲ, ನಾನು ಹೂವಿನ ಹೆಸರಿಟ್ಟೆ. ಹೊಸ ಯಂತ್ರ ಬಂದ ಹಾಗೆಲ್ಲ ಒಂದು ಹೊಸ ಹೂವು. ಬಂದ ತಕ್ಷಣ ನಿನಗೊಂದು ಶುಭಾಶಯ."

ಯಾವೊರ್ ಫೋನು ನೋಡಿದ. ಲೆಕ್ಕ ಉಕ್ಕಿದ ಹಾಲಿನ ಹಾಗೆ ಪಾತ್ರೆ ದಾಟಿತ್ತು.

"ಅಯ್ಯೋ ಪುಣ್ಯಾತ್ಮ, ನನಗೊಬ್ಬನಿಗೇ ಅಲ್ಲ ಕಣೋ, ಇವತ್ತು ಹಬ್ಬ ಇರೋರಿಗೆಲ್ಲ ಹೋಗ್ತಿದೆ. ಹೂವಿನ ಹೆಸರಿದ್ದ ಮೇಲೆ ಯಂತ್ರಗಳಿಗೂ ಇವತ್ತು ಹಬ್ಬ. ಒಂದಕ್ಕೊಂದು ಶುಭಾಶಯ ಹೇಳ್ಕೊಳ್ತಾ ಕೂತಿವೆ. ಅದರಿಂದ ರಾಶಿ ಬೆಳೆಯುತ್ತೆ, ಬೆಳೆದಿದ್ದಕ್ಕೆ ಹೊಸ ಯಂತ್ರ ಬರುತ್ತೆ, ಬಂದಿದ್ದೂ ಹೂವೇ!"

ಮ್ಲಾಡೆನ್ ನಗು ನುಂಗಿದ, ಮೀನಿನ ಮುಳ್ಳಿನ ಸಮೇತ.

ಯಾವೊರ್ ಬೀರುವಿನ ಮೇಲಿಂದ ಲ್ಯಾಪ್‌ಟಾಪ್ ಇಳಿಸಿ ಮಡಿಲಲ್ಲಿಟ್ಟುಕೊಂಡ. ಸೂರ್ಯ ಇನ್ನೂ ಎದುರಿನ ಚಾವಣಿಯ ಮೇಲಿದ್ದ. ತೆರೆದರೆ ಸಮುದ್ರ ಹೋಯಿತು. ತೆರೆಯದಿದ್ದರೆ ಯಂತ್ರಗಳ ಬಾಡಿಗೆ ಕಟ್ಟಿಯೇ ಕಂಪನಿ ಮುಳುಗೀತು.

ಅಷ್ಟರಲ್ಲಿ ಗುಂಪು ಸರಿದು ದಾರಿ ಬಿಟ್ಟಿತು. ಕೇಕ್ ಹಿಡಿದು ವಿಯೊಲೆಟಾ ಮೇಡಂ ಬಂದರು, ಕಣ್ಣು ಒದ್ದೆ.

"ತೆರೀಲಿಲ್ಲ ತಾನೆ? ಭೇಷ್. ನನ್ನ ಹೆಸರೂ ಹೂವಿನದೇ ಅಲ್ವಾ ಯಾವೊರ್, ಎಷ್ಟೋ ವರ್ಷದಿಂದ ಇವತ್ತು ಒಬ್ಬಳೇ ಟೀವಿ ಮುಂದೆ ಕೂತಿರ್ತಿದ್ದೆ. ಈ ಸಲ ಬೆಳಗ್ಗೆಯಿಂದ ಫೋನು ನಿಂತಿಲ್ಲ. ಅದರಲ್ಲೂ ಆ ಕೊಕಿಚೆ ಅನ್ನೋ ಹುಡುಗಿ, ಎಂಥಾ ಒಳ್ಳೆ ಮನಸ್ಸು ಅವಳದ್ದು." ಸೊಜೊಪೊಲ್‌ನ ಬೀಗದಕೈ ಅವನ ಅಂಗೈಗೆ ಇಟ್ಟರು.

ಯಾವೊರ್ ಬೀಗದಕೈ ನೋಡಿದ, ಆ ಒದ್ದೆ ಕಣ್ಣು ನೋಡಿದ. "ಮೇಡಂ, ನೀವು ಕೊಕಿಚೆಗೆ ಉತ್ತರ ಏನಾದ್ರೂ ಬರೆದ್ರಾ?"

"ಬರೀದೆ ಇರ್ತೀನಾ? ಜೂನ್ ಮೊದಲ ವಾರ ಸೊಜೊಪೊಲ್‌ನ ನನ್ನ ಮನೆಗೆ ಬಾ, ಕರೀಲಿ ಅಂತ ಕಾಯ್ಬೇಡ, ಇರೋರನ್ನೆಲ್ಲ ಕರ್ಕೊಂಡು ಬಾ ಅಂತ ಬರೆದೆ. ನೀನೂ ಇರ್ತೀಯಲ್ಲ, ನಿನಗೂ ಜೊತೆ ಆಗುತ್ತೆ."

ಆಗಲೇ ಕೋಣೆಯಲ್ಲಿದ್ದ ಫೋನುಗಳು ಒಂದೊಂದಾಗಿ ಗುಂಯ್‌ಗುಟ್ಟಿದವು. ಮೂರನೇ ಮಹಡಿಯ ಇವಾ, ಅವಳ ಹೆಸರೂ ವಿಲೋ ಮರದ್ದೇ, ಗಟ್ಟಿಯಾಗಿ ಓದಿದಳು: "'ಜೂನ್ ಮೊದಲ ವಾರ ಸೊಜೊಪೊಲ್‌ನ ನನ್ನ ಮನೆಗೆ ಬಾ...' ಯಾರಪ್ಪ ಇದು, ಇಷ್ಟು ಒಳ್ಳೆಯವರು?" ಕೈಗೆ ಬಂದ ಮಾತನ್ನು ದೇಶದ ಹೂವುಗಳಿಗೆಲ್ಲ ಹಂಚುವುದು ತಾನೆ ಕೊಕಿಚೆಯ ಕೆಲಸ.

ಮ್ಲಾಡೆನ್ ಬಾಯಿಬಿಟ್ಟು ಎಲ್ಲ ಹೇಳಿದ. ವಿಯೊಲೆಟಾ ಮೇಡಂ ಕೇಕಿನ ಸಮೇತ ಕೂತುಬಿಟ್ಟರು, ನನ್ನ ಕುರ್ಚಿಯ ಮೇಲೆ.

"ತೆರಿಯೋ, ನಿಲ್ಲಿಸೋ ಅದನ್ನ."

"ತೆರೆದ್ರೆ ಸಮುದ್ರ ಹೋಗುತ್ತೆ ಮೇಡಂ."

"ಇನ್ನೆಲ್ಲಿ ಸಮುದ್ರ? ಅಲ್ಲಿ ಕೂರೋಕಾದ್ರೂ ಜಾಗ ಸಿಗುತ್ತಾ?"

ಗಿನ್ಕಾ ಅತ್ತೆ ಆಗಲೇ ಮೆಟ್ಟಿಲಿನ ಕಡೆ ಹೊರಟಿದ್ದರು. "ಅದಕ್ಯಾಕೆ ಯೋಚನೆ? ಕುರ್ಚಿ ಇಲ್ಲಿಂದಲೇ ತಗೊಂಡು ಹೋದ್ರಾಯ್ತು. ನಾವೂ ಬರ್ತೀವಿ."

ಮೊದಲು ಮ್ಲಾಡೆನ್ ಸುಯ್ಯೆಂದ. ಆಮೇಲೆ ಮೇಡಂ, ಕಣ್ಣೊರೆಸಿಕೊಳ್ಳುತ್ತಲೇ. ಕೋಣೆಯೆಲ್ಲ ನಗುವಾಯಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಲ್ಯಾಪ್‌ಟಾಪ್ ತೆರೆದು ನೆಲದ ಮೇಲೆ ಕೂತಿದ್ದ ಯಾವೊರ್. ಅಷ್ಟು ಕುರ್ಚಿಗಳಲ್ಲಿ ಅವನಿಗೊಂದು ಸಿಕ್ಕಿರಲಿಲ್ಲ.