ಶೆಟ್ಟರು ಒತ್ತದ ಬೆಲ್ಲು

ಯಾರು ಏನೆಂದುಕೊಂಡರೂ ನನಗೆ ಚಿಂತೆಯಿಲ್ಲ ಎಂದು ಹೇಳಿಕೊಂಡು ತಿರುಗುವವರಲ್ಲಿ ನಾನೂ ಒಬ್ಬ. ಹಾಗೆ ಹೇಳಿದಾಗ ನಾಲ್ಕು ಜನ ತಲೆದೂಗದಿದ್ದರೆ ಮಾತ್ರ ಆ ದಿನ ಊಟ ಸೇರುವುದಿಲ್ಲ. ಮನಃಶಾಸ್ತ್ರ ಓದುವ ನನ್ನ ಮಗಳ ಪ್ರಕಾರ, ಜನ ನಮ್ಮನ್ನು ಸೇರಿಸಿಕೊಂಡರೋ ಬಿಟ್ಟರೋ ಎಂದು ಮಿದುಳು ಸದಾ ಕಾವಲು ಕಾಯುತ್ತದಂತೆ. ನಮಗೆ ನಾವೇ ಕೊಟ್ಟುಕೊಳ್ಳುವ ಬೆಲೆ ಅದನ್ನು ನೋಡಿಕೊಂಡೇ ಏರಿಳಿಯುತ್ತದಂತೆ, ಬಂದರಿನ ಬಂಗುಡೆ ಮೀನಿನ ದರದ ಹಾಗೆ. "ನಿನ್ನ ಅಪ್ಪ ಅಂಥವನಲ್ಲ" ಎಂದಿದ್ದೆ.

ನಮ್ಮ ಕಡೆ ಮದುವೆಗೆ ಮನೆಗೇ ಬಂದು ಕರೆಯಬೇಕು. ಫೋನಿನಲ್ಲಿ ಕರೆದದ್ದು ಕರೆದ ಲೆಕ್ಕಕ್ಕಿಲ್ಲ. ಬಿಜೈಯ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯ ಶೆಟ್ಟರು, ಮಗಳ ಮದುವೆಯ ಕಾಗದ ಹಿಡಿದು ಎದುರು ಮನೆಯ ಹಮೀದರ ಬಾಗಿಲಲ್ಲಿ ನಿಂತದ್ದನ್ನು ನಮ್ಮ ಬಾಗಿಲಿನ ಕಿಂಡಿಯಿಂದ ಕಂಡೆ. ಮುಂದಿನ ಸರದಿ ನನ್ನದೇ! ಬನಿಯನ್ನಿನ ಮೇಲೆ ಅಂಗಿ ತೊಟ್ಟೆ. "ಅಯ್ಯೋ, ಇದೆಲ್ಲ ಯಾಕೆ ಶೆಟ್ರೇ" ಎಂಬ ಮಾತನ್ನೂ ತಯಾರಿಟ್ಟುಕೊಂಡೆ. ಶೆಟ್ಟರು ಹಮೀದರ ಕೈ ಕುಲುಕಿ ನೇರ ಲಿಫ್ಟಿನೊಳಗೆ ಹೋದರು. ಸಂಜೆ ವಾಟ್ಸಾಪಿನಲ್ಲಿ ಕಾಗದದ ಚಿತ್ರ ಬಂತು, ಕೆಳಗೆ, "ಇದನ್ನೇ ಖುದ್ದು ಬಂದು ಕರೆದಂತೆ ಭಾವಿಸಿ."

ಹೊಟ್ಟೆ ಉರಿಯಿತು. "ಹಂಪನಕಟ್ಟೆಯ ಹಮೀದರ ಅಂಗಡಿಯಿಂದಲೇ ಸೀರೆ ತೆಗೆದದ್ದಂತೆ, ಅದಕ್ಕೆ ಬಂದದ್ದು" ಎಂದು ಹೆಂಡತಿ ಸಮಾಧಾನ ಹೇಳಿದಳು.

"ನಾನು ಹೋಗುದಿಲ್ಲ. ಕುರ್ಚಿ ಖಾಲಿ ಕಂಡಾಗ ಶೆಟ್ರಿಗೆ ಗೊತ್ತಾಗ್ಲಿ."

"ಎಂತ ಗೊತ್ತಾಗುದು ಮಾರಾಯ್ರೆ? ಸಾವಿರ ಕುರ್ಚಿ ಉಂಟು ಅಲ್ಲಿ."

ಮದುವೆಯ ದಿನ ಅವಳು ಹಮೀದರ ಹೆಂಡತಿಯ ಜೊತೆ ಹೊರಟಳು. ನಾನು ಗಂಜಿ ಉಂಡು, 'ಯಾಕೆ ಬರಲಿಲ್ಲ?' ಎಂದು ಯಾರಾದರೂ ವಿಚಾರಿಸಿಯಾರೆಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಫೋನು ಮಿಸುಕಲಿಲ್ಲ. ಹಿಂತಿರುಗಿದ ಹೆಂಡತಿ ಕೋಳಿ ಸುಕ್ಕದ ಗುಣಗಾನ ಮಾಡಿದಳು. ನನ್ನನ್ನು ಯಾರಾದರೂ ಕೇಳಿದರೇ ಎಂದೆ. "ಇಲ್ಲಪ್ಪ" ಎಂದಳು. ನಿಜ ಹೇಳುತ್ತೇನೆ, ಅಳುವೇ ಬಂದಂತಾಯಿತು.

ಮರುವಾರ ಲಿಫ್ಟಿನಲ್ಲಿ ಶೆಟ್ಟರು ಸಿಕ್ಕಿ ನನ್ನ ಎರಡೂ ಕೈ ಹಿಡಿದುಕೊಂಡರು. "ಮದುವೆಗೆ ನೀವು ಬಂದದ್ದು ಭಾರೀ ಖುಷಿಯಾಯ್ತು ಮಾರಾಯ್ರೆ! ಮಾತಾಡ್ಲಿಕ್ಕೇ ಪುರ್ಸೊತ್ತು ಸಿಗ್ಲಿಲ್ಲ. ಊಟ ಸರಿಯಾಯ್ತಲ್ಲ?"

ನನ್ನ ಬಹಿಷ್ಕಾರವನ್ನು ಸಾರಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ? ಗಂಟಲು ಸರಿಮಾಡಿಕೊಂಡೆ.

"ಸುಕ್ಕ ಭಾರೀ ಲಾಯ್ಕ ಆಗಿತ್ತು ಶೆಟ್ರೇ" ಎಂದೆ.

ಎದೆ ಉಬ್ಬಿಸಿಕೊಂಡು ಮನೆಯೊಳಗೆ ಬಂದು, ನಾನು ಮದುವೆಗೆ ಬಂದದ್ದರಿಂದ ಶೆಟ್ಟರಿಗೆ ಎಷ್ಟು ಸಂತೋಷವಾಗಿದೆ ಎಂಬುದನ್ನು ಹೆಂಡತಿಗೆ ವರ್ಣಿಸಿದೆ.

"ನೀವು ಹೋಗ್ಲೇ ಇಲ್ಲವಲ್ಲ!"

"ಹೋಗದೆಯೇ ಇಷ್ಟು ಖುಷಿ ಅಂದ್ರೆ, ನಾನು ಅವರಿಗೆ ಎಷ್ಟು ಬೇಕಾದವ ಅಂತ ನೀನೇ ನೋಡು" ಎಂದೆ.